ಅಧಿಕ ಮಾಸದ ಕೂರಿಗೆ

ನಮ್ಮ ಮಾನ್ವಿಯ ಮನೆಯ ಪಡಸಾಲೆಯಲ್ಲಿ ಎಲ್ಲರಿಗಿಂತ ಎತ್ತರದ ಜಾಗ ಕೂರಿಗೆಗೆ ಇತ್ತು. ದೇವರ ಪಟಗಳು ಸಹ ಅದಕ್ಕಿಂತ ಒಂದು ಮೊಳ ಕೆಳಗೆ. ಮೇಲೆ ಮರದ ಬಟ್ಟಲು, ಬಟ್ಟಲಿನ ತೂತುಗಳಿಂದ ಇಳಿದ ಮೂರು ಬಿದಿರಿನ ಕೊಳವೆ, ಕೆಳಗೆ ಮಣ್ಣು ಸೀಳುವ ಮೂರು ಕಾಲು. ಎತ್ತು ಎಳೆಯುತ್ತ ಹೋದಂತೆ ಹಿಂದೆ ಒಬ್ಬರು ಬಟ್ಟಲಿಗೆ ಕಾಳು ಬಿಡುತ್ತ ನಡೆದರೆ ಮೂರು ಸಾಲು ಒಟ್ಟಿಗೆ ಬಿತ್ತನೆಯಾಗುತ್ತದೆ. ವರ್ಷದ ಹನ್ನೊಂದೂವರೆ ತಿಂಗಳು ಅದು ಹಗ್ಗದಲ್ಲಿ ತೊಲೆಗೆ ತೂಗಿಕೊಂಡು ನಮ್ಮನ್ನೆಲ್ಲ ಮೇಲಿನಿಂದ ನೋಡುತ್ತಿತ್ತು. ಬೇಸಿಗೆಯಲ್ಲಿ ಅದರ ಬಟ್ಟಲಿನಲ್ಲಿ ಗುಬ್ಬಿಗಳು ಸಂಸಾರ ಹೂಡುತ್ತಿದ್ದವು. ಊಟಕ್ಕೆ ಕೂತವರ ಎಲೆಗೆ ಮೇಲಿನಿಂದ ಹುಲ್ಲುಕಡ್ಡಿ ಬಿದ್ದರೂ ಯಾರೂ ಗೊಣಗುತ್ತಿರಲಿಲ್ಲ. ನವರಾತ್ರಿಯ ನವಮಿಯಂದು, ಆಯುಧಗಳನ್ನು ಪೂಜಿಸುವ ಖಂಡೆಪೂಜೆಗೆ ಅದನ್ನು ಕೆಳಗಿಳಿಸಿ, ತೊಳೆದು, ಕುಂಕುಮ ಹಚ್ಚಿ, ದೇವರ ಕೋಣೆಯ ಬಾಗಿಲಲ್ಲಿ ನಿಲ್ಲಿಸುವುದು. ದಸರೆಯ ಮರುದಿನ ಅದು ಹೊಲಕ್ಕೆ ಹೋಗುವುದು. ಪೂಜೆಯಾಗದೆ ಕೂರಿಗೆ ಹೊಸಿಲು ದಾಟಬಾರದು. ಇದು ನಮ್ಮ ಮನೆಯ ಕಟ್ಟಳೆ, ಅಜ್ಜನ ಕಾಲದ್ದು.

ಈ ಕಟ್ಟಳೆಗೆ ಕಾವಲುಗಾರರು ನನ್ನ ದೊಡ್ಡಪ್ಪ. ಹೆಸರು ವಾಮನರಾವ್. ಇಪ್ಪತ್ತು ವರ್ಷ ರಾಯಚೂರಿನಲ್ಲಿ ಒಬ್ಬ ವಕೀಲರ ಹತ್ತಿರ ಗುಮಾಸ್ತರಾಗಿದ್ದು, ಅಜ್ಜ ತೀರಿಕೊಂಡ ಮೇಲೆ ಮನೆ ನೋಡಿಕೊಳ್ಳಲು ಮಾನ್ವಿಗೆ ಬಂದಿದ್ದರು. ನನ್ನ ಅಪ್ಪ ದೇವದುರ್ಗದಲ್ಲಿ ಮಾಸ್ತರಾಗಿದ್ದು ಸೂಟಿಗೆ ಮಾತ್ರ ಮನೆಗೆ ಬರುತ್ತಿದ್ದುದರಿಂದ ನಾನು ದೊಡ್ಡಪ್ಪನ ಬಾಲವಾಗಿದ್ದೆ. ದೊಡ್ಡಪ್ಪನಿಗೆ ಸಣ್ಣ ಅಕ್ಷರ ಕಾಣುತ್ತಿರಲಿಲ್ಲ. ಚಾಳೀಸು ಹಾಕಿಕೊಳ್ಳಿ ಎಂದರೆ ಮುದುಕನೆಂದಂತೆ ಸಿಟ್ಟು. ಹಾಗಾಗಿ ಎಂಟು ವರ್ಷದ ನನಗೆ ಪಂಚಾಂಗ ಓದುವುದನ್ನು ಕಲಿಸಿ, ದಿನಾ ಬೆಳಿಗ್ಗೆ ತಿಥಿ ವಾರ ನಕ್ಷತ್ರಗಳನ್ನು ನನ್ನ ಬಾಯಿಂದ ಹೇಳಿಸಿ, ತಾವು ಗೊತ್ತಿದ್ದವರಂತೆ ತಲೆಯಾಡಿಸುತ್ತಿದ್ದರು. ಮಗ್ಗಿಗಿಂತ ಮೊದಲು ನನಗೆ ಕೃಷ್ಣಪಕ್ಷ, ಶುಕ್ಲಪಕ್ಷ ಬಂತು. ನಾನು ಮುಂದೆ ಮೂವತ್ತು ವರ್ಷ ರಾಯಚೂರಿನ ಹುಡುಗಿಯರಿಗೆ ಲೆಕ್ಕ ಕಲಿಸಿದ್ದರ ಬೇರು ಆ ಪಡಸಾಲೆಯ ಕಂಬದ ಬುಡದಲ್ಲಿದೆ.

ಮನೆಯ ಇನ್ನೊಂದು ಅಧಿಕಾರ ಅಡಿಗೆಮನೆಯಲ್ಲಿತ್ತು. ಅಜ್ಜಿಯನ್ನು ನಾವೆಲ್ಲರೂ, ಮೊಮ್ಮಕ್ಕಳೂ, ಅವ್ವ ಎಂದೇ ಕರೆಯುತ್ತಿದ್ದೆವು. ಕೆಂಪು ಸೀರೆಯ ಸೆರಗನ್ನು ಬೋಳು ತಲೆಯ ಮೇಲೆ ಹೊದ್ದ, ಒಂದೇ ಹೊತ್ತು ಉಣ್ಣುವ, ಮಡಿಯ ಅವ್ವ. ಒಲೆಯ ಮುಂದೆ ಕೂತರೆ ನನ್ನ ಅಮ್ಮನಿಗೂ ಅವಳನ್ನು ಮುಟ್ಟುವ ಹಾಗಿರಲಿಲ್ಲ. ಆದರೆ ಹೊಲಕ್ಕೆ ಹೋದರೆ ಅದೇ ಅವ್ವ ಎರೆಮಣ್ಣನ್ನು ಮುಷ್ಟಿಯಲ್ಲಿ ಹಿಡಿದು, ಹಿಸುಕಿ, ಮೂಸಿ, ಬದುವಿನ ಮೇಲೆ ಭೀಮಣ್ಣನ ಹೆಂಡತಿಯ ಪಕ್ಕದಲ್ಲಿಯೇ ಕೂತುಬಿಡುವಳು. ಮಲ್ಲಟದ ಭೀಮಣ್ಣ ನಮ್ಮ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ಹೊಲವಿದ್ದದ್ದು ಪೋತ್ನಾಳದ ದಾರಿಯಲ್ಲಿ, ಗಾಡಿಯಲ್ಲಿ ಒಂದು ತಾಸು. ನಡುವೆ ಒಂದು ಬದು, ಬದುವಿನ ಮೇಲೆ ಬನ್ನಿಗಿಡ. ಗಿಡದ ಈಚೆಯದು ಅಜ್ಜನ ಹೊಲ, ಆಚೆಯದು ಅವ್ವನ ತವರಿನವರು ಅವಳ ಹೆಸರಿಗೆ ಕೊಟ್ಟದ್ದು. ಎರಡರಲ್ಲೂ ಹಿಂಗಾರಿ ಬಿಳಿಜೋಳ, ಅಂಚಿನಲ್ಲಿ ಒಂದಿಷ್ಟು ಕಡಲೆ. ಅಲ್ಲಿ ಬೆಳೆದದ್ದೇ ನೆಲದೊಳಗಿನ ನಮ್ಮ ಕಣಜಕ್ಕೆ, ಹಗೇವಿಗೆ, ಇಳಿಯಬೇಕು, ವರ್ಷವಿಡೀ ನಮ್ಮ ತಟ್ಟೆಗೆ ರೊಟ್ಟಿಯಾಗಿ ಬರಬೇಕು. ಎಲ್ಲೋ ದೂರದಲ್ಲಿ ಲಡಾಯಿ ನಡೆದಿದ್ದ ಕಾಲ. ಸಂತೆಯಲ್ಲಿ ಜೋಳ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಆ ವರ್ಷ ಬೇಸಿಗೆಯಲ್ಲಿ ಅಧಿಕ ಮಾಸ ಬಂದಿತ್ತು. ಚಂದ್ರನನ್ನು ನೋಡಿ ಎಣಿಸುವ ನಮ್ಮ ವರ್ಷ ಸೂರ್ಯನ ವರ್ಷಕ್ಕಿಂತ ಹನ್ನೊಂದು ದಿನ ಗಿಡ್ಡ. ಅದನ್ನು ಸರಿಮಾಡಲು ಎರಡೂವರೆ ಮೂರು ವರ್ಷಕ್ಕೊಮ್ಮೆ ಒಂದು ತಿಂಗಳನ್ನು ಹೆಚ್ಚಿಗೆ ಸೇರಿಸುತ್ತಾರೆ. ನಮಗೆ ಮಕ್ಕಳಿಗೆ ಅದರ ಅರ್ಥ ಒಂದೇ: ಅನಾರಸ. ಅಳಿಯನಿಗೆ ಮೂವತ್ತಮೂರು ಅನಾರಸ ದಾನ ಕೊಡಬೇಕು. ಅವ್ವ ಮತ್ತು ಅಮ್ಮ ಮೂರು ದಿನ ಬೆಲ್ಲದ ಹಿಟ್ಟು ನಾದಿ, ಗಸಗಸೆಯ ಮೇಲೆ ತಟ್ಟಿ ಕರಿದರು. ದೇವಸುಗೂರಿನಿಂದ ಬಂದ ನಮ್ಮ ಸೋದರತ್ತೆಯ ಗಂಡ ಎಣಿಸಿ ನೋಡಿ ಮೂವತ್ತೆರಡೇ ಇವೆ ಎಂದರು. ಎಲ್ಲರೂ ನನ್ನ ಮುಖ ನೋಡಿದರು. ನನ್ನ ಮೂಗಿನ ತುದಿಗೆ ಗಸಗಸೆ ಅಂಟಿತ್ತು. ಆ ನಗುವಿನಲ್ಲಿ, ಈ ಹೆಚ್ಚಿನ ತಿಂಗಳು ಚಳಿಗಾಲದಲ್ಲಿ ನಮ್ಮನ್ನು ಹೇಗೆ ಕಾಡಲಿದೆ ಎಂಬುದು ಯಾರ ತಲೆಗೂ ಹೊಳೆಯಲಿಲ್ಲ.

ನನಗೆ ಹೊಳೆದದ್ದು ಪಂಚಾಂಗದಿಂದ. ಉತ್ತರಿಯ ಮಳೆ ಮುಗಿಯಲು ಬಂದಿತ್ತು. ಒಂದು ಬೆಳಿಗ್ಗೆ ಮುಂದಿನ ಹಾಳೆ ತಿರುವಿ ನಾನು ನಿಂತುಬಿಟ್ಟೆ.

"ದೊಡ್ಡಪ್ಪಾ, ಹಸ್ತದ ಮಳಿ ಈ ಸಲ ಪಕ್ಷಮಾಸದಾಗ ಬಂದದ."

"ಬರಲಿ. ಮಳಿಗೇನು ಮಡಿ ಮೈಲಿಗಿ ಅದ ಏನು?"

"ಹೋದ ವರ್ಷ ಖಂಡೆಪೂಜಿ ಆಗೂದಕ ಹಸ್ತ ಬಂದಿತ್ತು. ಈ ಸಲ ಹಸ್ತ ಹೋಗಿ ಚಿತ್ತಿ ಅರ್ಧ ಆದ ಮ್ಯಾಲೆ ಖಂಡೆಪೂಜಿ."

"ಹಬ್ಬ ತಡಾ ಆದ್ರ ಬಿತ್ತೂದೂ ತಡಾ. ಅದರಾಗೇನದ? ಮುಂದ ಓದು."

ಅದರಲ್ಲಿ ಏನಿದೆ ಎಂಬುದನ್ನು ಅವ್ವ ಅಡಿಗೆಮನೆಯ ಬಾಗಿಲಿಗೆ ಬಂದು ಹೇಳಿದಳು. ಹಬ್ಬಗಳು ಚಂದ್ರನ ಜೊತೆ ಹಿಂದೆ ಮುಂದೆ ಹೋಗುತ್ತವೆ, ಮಳೆಯ ನಕ್ಷತ್ರಗಳು ಸೂರ್ಯನವು, ತಮ್ಮ ದಿನ ಬಿಡುವುದಿಲ್ಲ. ಹಸ್ತದಲ್ಲಿ ಬಿತ್ತಿದ ಜೋಳ ಥಂಡಿ ಬರುವ ಹೊತ್ತಿಗೆ ಆಳಕ್ಕೆ ಬೇರು ಬಿಟ್ಟು ಎದೆಮಟ್ಟ ನಿಂತಿರುತ್ತದೆ. ಅದಕ್ಕಿಂತ ಮೊದಲು ಬಿತ್ತಿದರೆ ಎಳೆ ಸುಳಿಯನ್ನು ನೊಣ ತಿನ್ನುತ್ತದೆ. ತಡಮಾಡಿದರೆ ಥಂಡಿಗೆ ಎಳೆಗೂಸು ಸಿಕ್ಕ ಹಾಗೆ ಸಿಕ್ಕಿಕೊಳ್ಳುತ್ತದೆ, ಮೇಲಿನ ಹಸಿಯೂ ಆರಿರುತ್ತದೆ. ಇದನ್ನು ಅವ್ವ ಇಷ್ಟು ಸಾಲಾಗಿ ಹೇಳಲಿಲ್ಲ. ಕೈಯಲ್ಲಿ ಲಟ್ಟಣಿಗೆ ಹಿಡಿದು ಹೇಳಿದಳು.

"ವಾಮನಾ, ಹದಿನೈದು ದಿನ ಹೆಚ್ಚುಕಮ್ಮಿ ಆದ್ರ ಪುಷ್ಯದಾಗ ಹೊಲದಾಗ ಕಣಕಿ ಇರತದ, ಕಾಳಿರಂಗಿಲ್ಲ. ಈ ವಾರ ಕೂರಿಗಿ ಇಳಸು."

"ಪಕ್ಷಮಾಸದಾಗ? ಪಿತೃಗಳು ಬಂದು ಕುಂತಿರತಾರ. ಹೊಸಾ ಕೆಲಸಾ ಹಿಡೀಬಾರದು. ಪೂಜಿ ಇಲ್ಲದ ಕೂರಿಗಿ ಹೊಸ್ತಲಾ ದಾಟಿಸಿದ್ರ ಅಪ್ಪ ಏನಂದಾರು?"

"ನಿಮ್ಮಪ್ಪ ಬಂದ ಮ್ಯಾಲೆ ರೊಟ್ಟೀನ ಕೇಳತಾರ, ಕೂರಿಗಿ ಕೇಳಂಗಿಲ್ಲ."

"ಇಪ್ಪತ್ತು ವರ್ಷ ದಸರಾ ಸೂಟಿಗೆ ಬಂದೀನಿ. ಒಂದು ವರ್ಷನೂ ಖಂಡೆಪೂಜಿ ಮೊದಲ ಈ ಕೂರಿಗಿ ಹೊರಗ ಹೋಗಿದ್ದು ನಾ ನೋಡಿಲ್ಲ!"

ಅವ್ವ ಏನೋ ಹೇಳಲು ಬಾಯಿ ತೆರೆದಳು. ನನಗೆ ಇವತ್ತಿಗೂ ಆ ಮುಖ ಕಣ್ಣಿಗೆ ಕಟ್ಟಿದೆ. ತುಟಿ ತೆರೆದದ್ದು, ಮಗನನ್ನು ಒಂದು ಕ್ಷಣ ನೋಡಿದ್ದು, ಮತ್ತೆ ಮುಚ್ಚಿಕೊಂಡದ್ದು. ಅವಳು ಲಟ್ಟಣಿಗೆ ಹಿಡಿದುಕೊಂಡೇ ಒಳಗೆ ಹೋದಳು. ಅಂದಿನಿಂದ ಇಬ್ಬರೂ ಮಾತು ಬಿಟ್ಟರು.

ಮಾತು ಬಿಟ್ಟರು ಎಂದರೆ ಮನೆಯಲ್ಲಿ ಮಾತು ಕಡಿಮೆಯಾಯಿತೆಂದಲ್ಲ. ಎಲ್ಲವೂ ನನ್ನ ಮೂಲಕ ಹೋಗಲು ಶುರುವಾಯಿತು. ದೊಡ್ಡಪ್ಪ ಎಲೆಯ ಮುಂದೆ, ಅವ್ವ ನಾಲ್ಕು ಮಾರು ಆಚೆ ಒಲೆಯ ಹತ್ತಿರ, ನಾನು ನಡುವಿನ ಹೊಸಿಲ ಮೇಲೆ.

"ಪದ್ದಿ, ನಿಮ್ಮ ದೊಡ್ಡಪ್ಪಗ ಪುಂಡಿಪಲ್ಯ ಬೇಕೇನು ಕೇಳು."

"ಪದ್ದಿ, ಸಾಕು ಅಂತ ಹೇಳು."

"ಪದ್ದಿ, ಉಪ್ಪು ಕಮ್ಮಿ ಆಗ್ಯದೇನು ಕೇಳು."

"ಪದ್ದಿ, ಆಗಿಲ್ಲ ಅಂತ ಹೇಳು."

ಮೊದಮೊದಲು ನನಗೆ ಇದು ಭಾರೀ ಮೋಜಿನದಾಗಿತ್ತು. ಕೋರ್ಟಿನ ಪೇಷ್ಕಾರನ ಹಾಗೆ ನಾನು ಸೆಟೆದು ನಿಂತು ಎರಡೂ ಕಡೆಯ ಮಾತು ಒಪ್ಪಿಸುತ್ತಿದ್ದೆ. ನಂತರ ಒಳಗೆ ಒಂದು ಸಂಕಟ ಶುರುವಾಯಿತು. ನನಗೆ ಇಬ್ಬರೂ ಬೇಕು. ಅವರು ಮತ್ತೆ ಒಬ್ಬರೊಡನೊಬ್ಬರು ಮಾತಾಡಲಿ ಎಂದು ನಾನು ಸಂದೇಶಗಳಿಗೆ ನನ್ನ ಕಡೆಯಿಂದ ಸ್ವಲ್ಪ ಬೆಲ್ಲ ಸೇರಿಸಿದೆ. "ಪಲ್ಯ ಭಾಳ ಛಲೋ ಆಗ್ಯದ, ನಮ್ಮವ್ವನ ಕೈ ಯಾರಿಗೂ ಬರಂಗಿಲ್ಲ ಅಂದ್ರು" ಎಂದು ಒಮ್ಮೆ ಒಳಗೆ ಹೋಗಿ ಹೇಳಿದೆ. ಅವ್ವ ನನ್ನನ್ನೇ ನೋಡಿದಳು.

"ಅಂವಾ ಅಂಥಾ ಮಾತು ಹುಟ್ಟಿದಾಗಿಂದ ಆಡಿಲ್ಲ. ಹೋಗು, ತುಪ್ಪ ಬಡಸು."

ಹಸ್ತದ ಮಳೆ ಎರಡು ದಿನ ಹದವಾಗಿ ಬಿತ್ತು. ಭೀಮಣ್ಣ ಬಂದು ಪಡಸಾಲೆಯ ಕೆಳಗೆ ನಿಂತು, ಸುತ್ತಲಿನವರೆಲ್ಲ ಬಿತ್ತಾಕತ್ತಾರ, ಏನ್ಮಾಡೂದ್ರಿ ರಾಯರ ಎಂದ. ಖಂಡೆಪೂಜೆ ಆಗಲಿ ಎಂದರು ದೊಡ್ಡಪ್ಪ. ಭೀಮಣ್ಣ ತೊಲೆಯ ಮೇಲಿನ ಕೂರಿಗೆಯನ್ನೊಮ್ಮೆ, ಅಡಿಗೆಮನೆಯ ಬಾಗಿಲನ್ನೊಮ್ಮೆ ನೋಡಿ ಹೋದ. ಎರಡು ದಿನ ಬಿಟ್ಟು ಏಕಾದಶಿ. ಅಂದು ಅವ್ವನಿಗೆ ನೀರೂ ಇಲ್ಲದ ಉಪವಾಸ. ಮಧ್ಯಾಹ್ನ ದೊಡ್ಡಪ್ಪ ಕಂಬಕ್ಕೊರಗಿ ತೂಕಡಿಸುತ್ತಿದ್ದಾಗ ಅವಳು ನನಗೆ ಕಣ್ಣು ಮಾಡಿ ಹಿತ್ತಲ ಬಾಗಿಲಿಂದ ಕರೆದುಕೊಂಡು ಹೊರಟಳು.

ಹೋದದ್ದು ಹುಸೇನಸಾಬರ ಮನೆಗೆ. ಬಜಾರಿನಲ್ಲಿ ಅವರದು ಹಗ್ಗ, ಕಣ್ಣಿ, ಬಾರುಕೋಲಿನ ಅಂಗಡಿ. ಹೊಲ ನಮ್ಮ ಹೊಲಕ್ಕೆ ಹತ್ತಿದ್ದು. ಮನೆಯಲ್ಲಿ ದಖನಿ, ನಮ್ಮೊಡನೆ ಕನ್ನಡ. ಅವ್ವ ಅವರ ಮನೆಯೊಳಗೆ ಕಾಲಿಟ್ಟವಳಲ್ಲ. ಅಂಗಳದ ಬೇವಿನಗಿಡದ ನೆರಳಿನಲ್ಲಿ ನಿಂತು ಮಾತಾಡುವಳು, ಮನೆಗೆ ಬಂದು ಮತ್ತೆ ಸ್ನಾನ ಮಾಡುವಳು. ಅದು ಅವರಿಗೂ ಗೊತ್ತಿತ್ತು. ಈಗ ನೆನೆದರೆ ನನಗೆ ನಾಚಿಕೆಯಾಗುತ್ತದೆ. ಆಗ ಅವರಿಬ್ಬರೂ ಹಳೆಯ ಗೆಳೆಯರ ಹಾಗೆ ಮಾತಾಡುತ್ತಿದ್ದುದೂ ಸುಳ್ಳಲ್ಲ. ಆ ಸಲ ರಂಜಾನ್ ಅದೇ ತಿಂಗಳಲ್ಲಿ ಬಿದ್ದಿತ್ತು. ಅವರದು ರೋಜಾ, ಇವಳದು ಏಕಾದಶಿ. ಹೊಟ್ಟೆಯಲ್ಲಿ ಹನಿ ನೀರಿಲ್ಲದ ಇಬ್ಬರು ನಿಂತುಕೊಂಡು ಮುಂದಿನ ವರ್ಷದ ರೊಟ್ಟಿಯ ಮಾತಾಡಿದರು.

"ಬರ್ರಿ ಅವ್ವಾರೆ. ಬರ್ತೀರಿ ಅಂತ ಗೊತ್ತಿತ್ತು."

ನಾನು ನೋಡಿದೆ. ಅವರ ಕೂರಿಗೆ ಬೇವಿನ ಬುಡದಲ್ಲಿ ಎಣ್ಣೆ ಹಚ್ಚಿಸಿಕೊಂಡು ಸಿದ್ಧವಾಗಿ ನಿಂತಿತ್ತು. ಇವರಿಗೆ ಹೇಗೆ ಗೊತ್ತು ಎಂದು ನನಗೆ ಆಶ್ಚರ್ಯವಾಯಿತು.

"ನಮ್ಮ ಕೂರಿಗಿ ಹೊಸ್ತಲಾ ದಾಟಂಗಿಲ್ಲಂತ" ಎಂದಳು ಅವ್ವ. "ಪೂಜಿ ಆಗಬೇಕಂತ."

"ನಮ್ಮದಕ್ಕ ಪೂಜಿ ಇಲ್ಲ, ಪಕ್ಷಮಾಸನೂ ಇಲ್ಲ. ಒಯ್ರಿ. ನಮ್ಮ ಹಬ್ಬ ಅಂತೂ ವರ್ಷಾ ಹನ್ನೊಂದು ದಿನಾ ಹಿಂದಕ್ಕ ಓಡತಾವ. ನಾವು ಹಬ್ಬ ನೋಡಿ ಬಿತ್ತಿದ್ರ ಒಮ್ಮೊಮ್ಮೆ ಬ್ಯಾಸಿಗ್ಯಾಗ ಬಿತ್ತಬೇಕಾಕ್ಕಿತ್ತು!"

ಇಬ್ಬರೂ ಒಣಗಿದ ಗಂಟಲಿನಲ್ಲಿ ನಕ್ಕರು. ಹೊರಡುವಾಗ ಅವ್ವ ತಗ್ಗಿದ ಧ್ವನಿಯಲ್ಲಿ, "ಹಳೇ ಮಾತು ಏನೂ ವಾಮನನ ಮುಂದ ಆಡಬ್ಯಾಡ ಮತ್ತ" ಎಂದಳು. ಸಾಬರು ಎದೆಯ ಮೇಲೆ ಕೈಯಿಟ್ಟರು. ಹಳೇ ಮಾತು ಯಾವುದೆಂದು ಕೇಳಿದರೆ ಅವ್ವ ನನ್ನ ಜಡೆ ಜಗ್ಗಿದಳು.

ಮೂರನೆಯ ದಿನ ಆಚೆ ಹೊಲದಲ್ಲಿ ಬಿತ್ತನೆ. ಅವ್ವ ಬದುವಿನ ಮೇಲೆ ಕೂತಳು. ಭೀಮಣ್ಣ ಎತ್ತು ಹೂಡಿದ. ಅವನ ಹೆಂಡತಿ ಗಂಗವ್ವ ಬಟ್ಟಲಿಗೆ ಕಾಳು ಬಿಡುತ್ತ ನಡೆದಳು, ಬೆರಳ ಸಂದಿಯಿಂದ ಮಳೆ ಜಿನುಗಿದ ಹಾಗೆ ಒಂದೇ ಸಮ. ನಾನು ಕಾಡಿಬೇಡಿ ಒಂದು ಸುತ್ತು ನನಗೆ ಬೇಕೆಂದೆ. ಕಪ್ಪು ಮಣ್ಣು ತಣ್ಣಗೆ ಕಾಲ್ಬೆರಳಿನ ಸಂದಿಗೆ ಬರುತ್ತಿತ್ತು, ಕೊಳವೆಯೊಳಗೆ ಕಾಳು ಜಾರುವ ಸದ್ದು ಕಿವಿಗೆ ಇಂಪಾಗಿತ್ತು, ಆ ಸಂತೋಷದಲ್ಲಿ ಕೈ ಒಮ್ಮೆ ಬಿಗಿಯಿತು, ಒಮ್ಮೆ ಸಡಿಲಾಯಿತು. ಹತ್ತು ದಿನಕ್ಕೆ ಮೊಳಕೆ ಬಂದಾಗ ನನ್ನ ಸಾಲುಗಳು ದೂರದಿಂದಲೇ ಗೊತ್ತಾಗುತ್ತಿದ್ದವು. ಒಂದು ಕಡೆ ಜಾತ್ರೆ, ಒಂದು ಕಡೆ ಬಯಲು.

ಸಂಜೆ ದೊಡ್ಡಪ್ಪನಿಗೆ ವಿಷಯ ತಿಳಿಯಿತು. ನಾನು ಗುಡುಗಿಗೆ ಕಾದಿದ್ದೆ. ಅವರು ಗುಮಾಸ್ತರ ಧ್ವನಿಯಲ್ಲಿ ಹೇಳಿದರು.

"ಪದ್ದಿ, ನಿಮ್ಮವ್ವಗ ಹೇಳು. ಆಚಿ ಹೊಲಾ ಆಕಿ ಹೆಸರಿಂದು, ಆಕಿ ಏನಾರ ಮಾಡಲಿ. ಈಚಿ ಹೊಲದಾಗ ನಮ್ಮ ಕೂರಿಗಿ ಪೂಜಿ ಮಾಡಿಸ್ಕೊಂಡ ಹೋಗತದ."

ಹಾಗೆಯೇ ಆಯಿತು. ನವರಾತ್ರಿ ಬಂತು. ದೇವದುರ್ಗದಿಂದ ಅಪ್ಪ ಬಂದು, ಇಬ್ಬರ ಮಾತೂ ಸರಿ ಎಂದು ಇಬ್ಬರಿಂದಲೂ ಬೈಸಿಕೊಂಡರು. ಕೂರಿಗೆ ಇಳಿಯಿತು, ಕುಂಕುಮ ಹಚ್ಚಿಸಿಕೊಂಡಿತು, ದಸರೆಯ ಮರುದಿನ ಗಾಡಿಯೇರಿತು. ಅಷ್ಟರಲ್ಲಿ ಮೇಲಿನ ಮಣ್ಣು ಬೆಳ್ಳಗಾಗಿ ಸಣ್ಣಗೆ ಬಿರುಕು ಬಿಡಲು ಶುರುವಾಗಿತ್ತು. ಚಿತ್ತಿಯ ಮಳೆ ಬರಲೇ ಇಲ್ಲ. ಈಚೆಯ ಹೊಲದಲ್ಲಿ ಜೋಳ ಹುಟ್ಟಿತು, ಆದರೆ ಮನಸ್ಸಿಲ್ಲದೆ ಹುಟ್ಟಿದ ಹಾಗೆ.

ಧನುರ್ಮಾಸದಲ್ಲಿ ನಮ್ಮ ಮನೆಯಲ್ಲಿ ಬೆಳಕು ಹರಿಯುವ ಮೊದಲೇ ಹುಗ್ಗಿಯ ನೈವೇದ್ಯ. ತಣ್ಣೀರಿನ ಸ್ನಾನ ಮಾಡಿ, ಹಲ್ಲು ಕಟಕಟಿಸುತ್ತ, ಶುಂಠಿ ಮೆಣಸಿನ ಬಿಸಿ ಹುಗ್ಗಿಯನ್ನು ಊದಿ ಊದಿ ತಿನ್ನುತ್ತಿದ್ದ ಆ ಬೆಳಗುಗಳಂಥ ಸುಖ ನನಗೆ ಮತ್ತೆ ಸಿಕ್ಕಿಲ್ಲ. ಆ ವರ್ಷ ಥಂಡಿ ಜೋರಾಗಿತ್ತು. ಒಂದು ಬೆಳಿಗ್ಗೆ ಭೀಮಣ್ಣ ಕಂಬಳಿ ಹೊದ್ದು ಬಂದ.

"ಆಚಿ ಹೊಲಾ ಹೊಡಿ ಬಿಟ್ಟು ತೆನಿ ಹಣಿಕಿ ಹಾಕಾಕತ್ತದ್ರಿ ರಾಯರ. ಈಚಿದು ಎಲಿ ಕೆಂಪಾಗಿ ಹಂಗ ಕುಂತುಬಿಟ್ಟದ. ಬೆಳ್ಯಾಕತ್ತಿಲ್ಲ."

ದೊಡ್ಡಪ್ಪ ಹುಗ್ಗಿಯ ಮೇಲಿನ ತುಪ್ಪ ಹೆಪ್ಪುಗಟ್ಟುವ ತನಕ ತಟ್ಟೆಯನ್ನೇ ನೋಡುತ್ತಿದ್ದರು. ಅಂದು ನಾನು ಯಾವ ಸಂದೇಶವನ್ನೂ ಒಯ್ಯಲಿಲ್ಲ.

ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಗಾಡಿ ಕಟ್ಟಿ ಹೊಲಕ್ಕೆ ಹೋದೆವು. ಅಂದು ಅಡಿಗೆಯನ್ನೆಲ್ಲ ಕಲಸಿ ಭೂಮಿತಾಯಿಗೆಂದು ಕೂಗಿ ಹೇಳುತ್ತ ಬೆಳೆಯ ನಡುವೆ ಎರಚುತ್ತಾರೆ. ಅದಕ್ಕೆ ಚರಗ ಚೆಲ್ಲುವುದು ಎನ್ನುತ್ತಾರೆ. ಮನೆಯ ಹಿರಿಯ ಗಂಡಸಾದ್ದರಿಂದ ಚರಗದ ಬುಟ್ಟಿ ದೊಡ್ಡಪ್ಪನ ಕೈಯಲ್ಲಿ, ನೀರಿನ ತಂಬಿಗೆ ಹಿಡಿದು ಹಿಂದೆ ಭೀಮಣ್ಣ. ನಾವು ಬನ್ನಿಗಿಡದ ಕೆಳಗೆ ಜಮಖಾನೆ ಹಾಸಿ ಕೂತೆವು. ಮೊದಲು ಇಬ್ಬರೂ ಆಚೆಯ ಹೊಲಕ್ಕೆ ಇಳಿದರು. ನಾಲ್ಕು ಹೆಜ್ಜೆಗೆ ದೊಡ್ಡಪ್ಪ ಮಾಯವಾದರು. ಜೋಳದ ಎಲೆ ಸರಸರ ಎನ್ನುವುದು ಕೇಳಿಸುತ್ತಿತ್ತು, ದೊಡ್ಡಪ್ಪನ ಕೂಗು ಕೇಳಿಸುತ್ತಿತ್ತು, ಮನುಷ್ಯ ಇಲ್ಲ. ಆಮೇಲೆ ಈಚೆಯ ಹೊಲಕ್ಕೆ ಬಂದರು. ಅಲ್ಲಿ ದೊಡ್ಡಪ್ಪ ಪೂರ್ತಿ ಕಂಡರು. ರುಮಾಲು, ಕೋಟು, ಕೋಟಿನ ಗುಂಡಿ, ಧೋತರದ ಅಂಚು, ಎಲ್ಲವೂ. ಜೋಳ ಅವರ ಮೊಣಕಾಲಿನ ಹತ್ತಿರ ನಿಂತಿತ್ತು. ಅರ್ಧ ಹೊಲದಲ್ಲಿ ಅವರ ಕೂಗು ನಿಂತಿತು. ಬಗ್ಗಿ ಒಂದು ಗರಿಯನ್ನು ಹಿಡಿದು, ಅದರ ಕೆಂಪು ಕಲೆಗಳನ್ನು ಕಣ್ಣಿನ ತೀರ ಹತ್ತಿರ ತಂದು ನೋಡಿದರು. ನನ್ನ ತಮ್ಮ ಜೋರಾಗಿ ನಕ್ಕುಬಿಟ್ಟ. ಅವ್ವ ಅವನ ಬಾಯಿಗೆ ಭರ್ತಿ ಕಡುಬಿನ ತುಂಡೊಂದನ್ನು ತುರುಕಿದಳು. ಮಗ ನಾಚಿಕೊಳ್ಳುವುದನ್ನು ನೋಡಲು ಅವಳಿಗೆ ಮನಸ್ಸಿರಲಿಲ್ಲ ಎಂದು ನನಗೆ ಆಗಲೇ ಗೊತ್ತಾಯಿತು.

ಸಂಕ್ರಾಂತಿಯ ಹೊತ್ತಿಗೆ ಆಚೆಯ ಹೊಲದ ಕಾಳು ಹಾಲು ತುಂಬಿತು. ಸೀತನಿಯ ಕಾಲ. ಕುಳ್ಳಿನ ಕೆಂಡದಲ್ಲಿ ಎಳೆ ತೆನೆಯನ್ನು ಸುಟ್ಟು, ಬಿಸಿಯಿರುವಾಗಲೇ ತಿಕ್ಕಿ, ಹಸಿರು ಕಾಳನ್ನು ಮೊರದಲ್ಲಿ ಕೇರಿ ಬೆಲ್ಲ ಕೊಬ್ಬರಿಯ ಜೊತೆ ತಿನ್ನುವುದು. ಹುಸೇನಸಾಬರೂ ತಮ್ಮ ಹೊಲದಿಂದ ಬಂದು ಬದುವಿನ ಮೇಲೆ ಕೂತರು. ಭೀಮಣ್ಣ ಸುಟ್ಟ, ಗಂಗವ್ವ ತಿಕ್ಕಿದಳು. ಬೆಂಕಿಯಲ್ಲಿ ಸುಟ್ಟದ್ದಕ್ಕೆ ಮೈಲಿಗೆ ಇಲ್ಲ ಎಂದು ಅವ್ವ ತಾನೇ ಒಂದು ಶಾಸ್ತ್ರ ಮಾಡಿ ಎಲ್ಲರ ಕೈಗೂ ಹಂಚಿದಳು. ದೊಡ್ಡಪ್ಪ ಮಾತ್ರ ಗಾಡಿಯ ಮೂಕಿಯ ಮೇಲೆ ಬೇರೆ ಕಡೆ ಮುಖ ಮಾಡಿ ಕೂತಿದ್ದರು. ನಾನು ಎಲೆಯಲ್ಲಿ ಒಂದು ಹಿಡಿ ಒಯ್ದೆ.

"ಯಾವ ಕಡೀದು ಇದು?"

"ಸಾಬರ ಕೂರಿಗೀದು ದೊಡ್ಡಪ್ಪಾ. ನಮ್ಮ ಕೂರಿಗಿ ಕಡೆ ತೆನೀನ ಬಂದಿಲ್ಲ."

ನಾನು ಜಾಣತನಕ್ಕೆ ಆಡಿದ್ದಲ್ಲ, ಕೇಳಿದ್ದಕ್ಕೆ ಹೇಳಿದೆ. ದೊಡ್ಡಪ್ಪ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡರು. ಇನ್ನು ನಾಲ್ಕು. ಎಲೆ ಬರಿದಾಯಿತು. ಮತ್ತೆ ನನ್ನನ್ನು ಕರೆಯುತ್ತಾರೆಂದು ನಾನು ಕಾದೆ. ಅವರು ನನ್ನನ್ನು ದಾಟಿ, ಕೆಂಡದ ಹತ್ತಿರ ಹೋಗಿ, ಅವ್ವನ ಮುಂದೆ ಕುಕ್ಕುರುಗಾಲಿನಲ್ಲಿ ಕೂತು ಎರಡೂ ಕೈ ಒಡ್ಡಿದರು.

"ಅವ್ವಾ, ಇನ್ನೊಂದು ಹಿಡಿ ಹಾಕು."

ಮೂರು ತಿಂಗಳ ಮೇಲೆ ನೇರವಾಗಿ ಆಡಿದ ಮೊದಲ ಮಾತು. ಅವ್ವ ಒಂದು ಹಿಡಿ ಹಾಕಲಿಲ್ಲ, ಮೊರವನ್ನೇ ಅವರ ಮುಂದೆ ಸರಿಸಿದಳು. ಪೇಷ್ಕಾರಿಕೆ ಹೋದ ಸಂತೋಷಕ್ಕೆ ನಾನು ಅತ್ತೆನಂತೆ. ನನಗೆ ನೆನಪಿರುವುದು ಹೊಗೆ ಕಣ್ಣಿಗೆ ಹೋಯಿತೆಂಬುದು. ಆ ವರ್ಷ ಹಗೇವು ಅರ್ಧ ತುಂಬಿತು. ಅವ್ವ ರೊಟ್ಟಿಗಳನ್ನು ಎಷ್ಟು ತೆಳ್ಳಗೆ ಬಡಿದಳೆಂದರೆ ಅವುಗಳ ಮೂಲಕ ದೊಡ್ಡಪ್ಪನ ಮುಖ ಕಾಣುತ್ತದೆ ಎಂದು ನಾವು ಊಟದ ಹೊತ್ತಿಗೆ ಎತ್ತಿ ಹಿಡಿದು ನೋಡುತ್ತಿದ್ದೆವು. ದೊಡ್ಡಪ್ಪನೂ ಆ ಕಡೆಯಿಂದ ಒಮ್ಮೆ ಕಣ್ಣು ಮಿಟುಕಿಸಿದರು.

ಮೂರನೆಯ ವರ್ಷ ಮತ್ತೆ ಅಧಿಕ ಮಾಸ ಬಂತು. ಅನಾರಸ ಕರಿಯುವ ದಿನವೇ ದೊಡ್ಡಪ್ಪ ನನ್ನಿಂದ ಪಂಚಾಂಗ ತರಿಸಿ, ಹಸ್ತ ಯಾವಾಗ, ಖಂಡೆಪೂಜೆ ಯಾವಾಗ ಎಂದು ಎರಡೂ ಕೇಳಿದರು. ನಾನು ಬೆರಳೆಣಿಸಿ ಹೇಳಿದೆ. ಭಾದ್ರಪದ ಬಂದು, ಪಕ್ಷಮಾಸ ಹಿಡಿದು, ಹಸ್ತದ ಮೊದಲ ಮಳೆ ಬಿದ್ದ ಮಧ್ಯಾಹ್ನ ಕೋಟು ತೊಟ್ಟು ರುಮಾಲು ಸುತ್ತಿಕೊಂಡು, ನಡೀ ಪದ್ದಿ ಎಂದರು. ದಾರಿಯಲ್ಲಿ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು.

"ನಮ್ಮ ಕೂರಿಗಿ ಪೂಜಿ ಇಲ್ಲದ ಹೊರಗ ಹೋಗಂಗಿಲ್ಲ. ಕಟ್ಟಳಿ ಕಟ್ಟಳೀನ. ಸಾಬರ ಕೂರಿಗಿಗೆ ನಮ್ಮ ಕಟ್ಟಳಿ ಇಲ್ಲ. ಹೌದಿಲ್ಲೋ?"

ಹೌದು ಎಂದೆ ನಾನು. ಹುಸೇನಸಾಬರ ಅಂಗಳದಲ್ಲಿ ಬೇವಿನ ಬುಡಕ್ಕೆ ಒರಗಿ ಅವರ ಕೂರಿಗೆ ಎಣ್ಣೆ ಹಚ್ಚಿಸಿಕೊಂಡು ನಿಂತಿತ್ತು, ಹೋದ ಸಲದ ಹಾಗೆಯೇ.

"ಬರ್ರಿ ವಾಮನರಾವ್‌ರ. ನಿನ್ನೇನ ತಗದ ಇಟ್ಟೀನಿ."

"ನಾ ಬರತೀನಂತ ನಿಮಗ ಹೆಂಗ ಗೊತ್ತು?"

"ಅಧಿಕದ ವರ್ಷ ಅಲ್ರಿ ಇದು? ಅಧಿಕದ ವರ್ಷ ಈ ಕೂರಿಗಿ ನಿಮ್ಮ ಹೊಲಕ್ಕ ಹೋಗೂದು ನಮ್ಮ ಅಬ್ಬಾ ಇದ್ದಾಗಿಂದ ನಡದು ಬಂದದ. ನಿಮ್ಮ ಅಪ್ಪಾರು ತಾವ ಬಂದು ಒಯ್ತಿದ್ರು."

ಅಂದವರೇ ಸಾಬರು ನಾಲಿಗೆ ಕಚ್ಚಿಕೊಂಡರು. ದೊಡ್ಡಪ್ಪ ಕೂರಿಗೆಯ ಮೇಲೆ ಇಟ್ಟ ಕೈಯನ್ನು ತೆಗೆಯದೆ ನಿಂತಿದ್ದರು. ಆಮೇಲೆ ತಿರುಗಿ ಮನೆಯ ಕಡೆಗೆ ಎಷ್ಟು ಬೇಗ ನಡೆದರೆಂದರೆ ನಾನು ಓಡಬೇಕಾಯಿತು. ಅವ್ವ ಪಡಸಾಲೆಯಲ್ಲಿ, ತೊಲೆಗೆ ತೂಗಿದ್ದ ನಮ್ಮ ಕೂರಿಗೆಯ ಸರಿಯಾಗಿ ಕೆಳಗೆ, ಹೂಬತ್ತಿ ಹೊಸೆಯುತ್ತ ಕೂತಿದ್ದಳು.

"ಅವ್ವಾ, ಅಪ್ಪ ಸಾಬರ ಕೂರಿಗಿ ತರತಿದ್ರಂತ, ಖರೇ ಏನು?"

"ಖರೆ."

"ಮತ್ತ ಖಂಡೆಪೂಜಿ ಆದ ಮ್ಯಾಲೆ ನಮ್ಮ ಕೂರಿಗಿ ಹೊಲಕ್ಕ ಹೋಗೂದು ನಾ ವರ್ಷಾ ನೋಡೀನಲ್ಲ?"

"ಹೋಗತಿತ್ತು. ಅಧಿಕದ ವರ್ಷ ಕಡ್ಲಿ ಬಿತ್ತಾಕ ಹೋಗತಿತ್ತು. ಕಡ್ಲಿ ತಡಾ ಆದ್ರೂ ನಡೀತದ. ಕೂರಿಗಿ ನೋಡೀದಿ, ಕುಂಕುಮ ನೋಡೀದಿ. ಬಟ್ಟಲದಾಗ ಏನದ ಅಂತ ಒಮ್ಮೆರೆ ನೋಡೀದೇನು ವಾಮನಾ?"

ದೊಡ್ಡಪ್ಪ ಕಂಬ ಹಿಡಿದು ನಿಂತರು. ಆ ಕಂಬದ ಬುಡದಲ್ಲಿಯೇ ಅವರು ನನಗೆ ಓದಲು ಕಲಿಸಿದ್ದು.

"ಆವತ್ತ ಹೇಳಬಾರದಾಗಿತ್ತೇನವ್ವಾ? ಅರ್ಧ ಹೊಲಾ ಹೋತಲ್ಲ!"

"ಹೇಳಿದ್ರ, ಅಪ್ಪ ಹಿಂಗ ಮಾಡತಿದ್ರು ಅಂತ ಅದನ್ನೂ ಒಂದು ಕಟ್ಟಳಿ ಮಾಡಿ ತೊಲಿಗೆ ಕಟ್ಟತಿದ್ದಿ. ಥಂಡಿ ನೋಡಿ ಕಲ್ತಿ. ಇನ್ನ ನಾ ಇಲ್ಲದಾಗೂ ನೀ ಯಾರನ್ನೂ ಕೇಳಬೇಕಾಗಿಲ್ಲ." ಅವ್ವ ಬತ್ತಿಯನ್ನು ಬುಟ್ಟಿಗೆ ಹಾಕಿದಳು. "ಈಗ ಮಾತಾಡ್ಕೋತ ನಿಂದರಬ್ಯಾಡ. ಹೊಲದ ಹಸಿ ಆರಾಕತ್ತದ."

ದೊಡ್ಡಪ್ಪ ನಗಲು ಶುರು ಮಾಡಿದರು. ಅವರು ಅಷ್ಟು ನಗುವುದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ರುಮಾಲು ಬಿಚ್ಚಿ ಕಣ್ಣೊರೆಸಿಕೊಂಡು, ಅದನ್ನು ಮಡಿಸಿ ಸಿಂಬೆ ಮಾಡಿ ಹೆಗಲ ಮೇಲಿಟ್ಟುಕೊಂಡು ಮತ್ತೆ ಸಾಬರ ಮನೆಗೆ ಹೊರಟರು. ಗಾಡಿ ಬೇಡ ಎಂದರು, ಹಿತ್ತಲ ದಾರಿಯೂ ಬೇಡ ಎಂದರು. ಪಕ್ಷಮಾಸದ ನಡು ಮಧ್ಯಾಹ್ನ, ಬಜಾರಿನ ಜನರೆಲ್ಲ ಎದ್ದು ನಿಂತು ನೋಡುತ್ತಿರುವಾಗ, ಸಾಬರ ಕೂರಿಗೆಯನ್ನು ಹೆಗಲ ಮೇಲೆ ಹೊತ್ತು ನಮ್ಮ ದೊಡ್ಡಪ್ಪ ಬರಿದಲೆಯಲ್ಲಿ ನಡೆದರು. ಬೀಜದ ಗಂಟು ಹಿಡಿದುಕೊಂಡು ನಾನು ಅವರ ಮುಂದೆ ನಡೆದೆ.